ದೀಪಕ್ಕೆ ಬರುವ ಪತಂಗಗಳ ಪರಿಚಯ: ರೈತರಿಗೊಂದು ಉಪಯುಕ್ತ ಹವ್ಯಾಸ

ಮುಂಗಾರಿನ ಮೊದಲ ಹದ ಮಳೆ ಬಿದ್ದ ರಾತ್ರಿ ಮನೆಯ ದೀಪದ ಸುತ್ತ ಬಗೆಬಗೆಯ ಹುಳುಗಳು ಬಂದು ಮುತ್ತುವುದು ಎಲ್ಲರೂ ಬಲ್ಲ ಸಂಗತಿ. ಇವುಗಳಲ್ಲಿ ಬಹಳಷ್ಟು ಪತಂಗಗಳು. ಸಾಮಾನ್ಯವಾಗಿ ಇವನ್ನೆಲ್ಲ 'ದೀಪದ ಹುಳು' ಎಂದು ಒಂದೇ ಹೆಸರಿನಿಂದ ಕರೆದು, ಬೆಳಿಗ್ಗೆ ಪೊರಕೆಯಿಂದ ಗುಡಿಸಿ ಹಾಕುವುದು ರೂಢಿಯಾಗಿದೆ. ಆದರೆ ಆ ಕಸದಲ್ಲಿ ಇನ್ನು ಕೆಲವೇ ದಿನಗಳಲ್ಲಿ ನೆಲಗಡಲೆ ಹೊಲವನ್ನು ಬೋಳು ಮಾಡಬಲ್ಲ ಕಂಬಳಿ ಹುಳುವಿನ ತಾಯಿ ಪತಂಗವೂ ಇರಬಹುದು. ಯಾವ ಬೆಳೆಗೂ ತೊಂದರೆ ಕೊಡದೆ ಹೂವಿನ ಪರಾಗಸ್ಪರ್ಶಕ್ಕೆ ನೆರವಾಗುವ ಪತಂಗವೂ ಇರಬಹುದು. ಎರಡರ ವ್ಯತ್ಯಾಸವನ್ನು ತಿಳಿದವನಿಗೆ ಮನೆಯ ದೀಪವೇ ಮುನ್ಸೂಚನೆಯ ಸಾಧನವಾಗುತ್ತದೆ.

ಭಾರತದಲ್ಲಿ 10,000ಕ್ಕೂ ಹೆಚ್ಚು ಪ್ರಭೇದಗಳ ಪತಂಗಗಳಿವೆ. ಇಷ್ಟನ್ನೂ ಹೆಸರು ಹಿಡಿದು ಗುರುತಿಸುವುದು ತಜ್ಞರಿಗೂ ಸುಲಭವಲ್ಲ. ಆದರೆ ಒಂದು ಪತಂಗ ಯಾವ ಕುಟುಂಬಕ್ಕೆ ಸೇರಿದ್ದು ಎಂಬುದನ್ನು ಶ್ರದ್ಧೆಯುಳ್ಳ ಯಾರೇ ಆಗಲಿ ಒಂದೆರಡು ಮಳೆಗಾಲಗಳಲ್ಲಿ ಕಲಿಯಬಹುದು. ಕುಟುಂಬ ತಿಳಿದರೆ ಅದರ ಮರಿಹುಳು ಎಲೆ ತಿನ್ನುವುದೋ, ಕಾಂಡ ಕೊರೆಯುವುದೋ, ಕಾಯಿ ಕೊರೆಯುವುದೋ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಹಳೆಯ ಬೆಂಗಳೂರು ಎಂಬ ಪಾಠಶಾಲೆ

ಈ ಹವ್ಯಾಸಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚಾಮರಾಜಪೇಟೆ 1892ರಲ್ಲಿ ನಿರ್ಮಾಣವಾಯಿತು. 1898ರ ಪ್ಲೇಗಿನ ಹಾವಳಿಯ ನಂತರ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಗಾಳಿ ಬೆಳಕಿಗೆ ಅನುಕೂಲವಾಗುವಂತೆ ಮನೆಯ ಸುತ್ತ ಜಾಗ ಬಿಟ್ಟು ಕಟ್ಟಿದ ಈ ಬಡಾವಣೆಗಳಲ್ಲಿ ಇಂದು ಎಷ್ಟೋ ಹಿತ್ತಲುಗಳು ಮಾಯವಾಗಿದ್ದರೂ, ಉಳಿದಿರುವ ಮನೆಗಳಲ್ಲಿ ನಂದಿಬಟ್ಟಲು, ಕಣಗಿಲೆ, ಪಾರಿಜಾತ, ನುಗ್ಗೆ, ಸೀಬೆ, ಕರಿಬೇವು, ಅಮೃತಬಳ್ಳಿಗಳು ಕಾಣುತ್ತವೆ. ಬಸವನಗುಡಿಗೆ ಹೊಂದಿಕೊಂಡು ಲಾಲ್‌ಬಾಗ್, ಒಳಗೆ ಕಹಳೆ ಬಂಡೆ ಮತ್ತು ಕೃಷ್ಣರಾವ್ ಉದ್ಯಾನ, ಮಲ್ಲೇಶ್ವರಂ ಬದಿಯಲ್ಲಿ ಸ್ಯಾಂಕಿ ಕೆರೆ ಇವೆ. ಪ್ರತಿಯೊಂದು ಗಿಡಕ್ಕೂ ಅದನ್ನು ತಿನ್ನುವ ಮರಿಹುಳುಗಳಿರುವುದರಿಂದ, ಗಿಡಗಳ ವೈವಿಧ್ಯವಿರುವಲ್ಲಿ ಪತಂಗಗಳ ವೈವಿಧ್ಯವೂ ಇರುತ್ತದೆ.

ಪತಂಗಕ್ಕೂ ಬಸವನಗುಡಿಗೂ ಹಳೆಯ ನಂಟೂ ಇದೆ. ಜಮ್‌ಶೆಟ್‌ಜಿ ಟಾಟಾ ಅವರು ನೂರು ವರ್ಷಗಳಿಗೂ ಹಿಂದೆ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ಸಾಕಣೆಯ ಪ್ರಯೋಗ ನಡೆಸಿದ್ದು ಈ ಭಾಗದಲ್ಲೇ. ಫಾರಂ ಹೋಗಿ ಮನೆಗಳು ಬಂದಿದ್ದರೂ 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಉಳಿದಿದೆ. ಪ್ರತಿ ವರ್ಷ ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಗೆ ರೈತರು ರಾಶಿ ರಾಶಿ ಕಾಯಿ ತರುತ್ತಾರೆ. ಆ ಕಾಯಿ ಹೊಲದಲ್ಲಿ ಎದುರಿಸಿ ಬಂದ ಶತ್ರುಗಳಲ್ಲಿ ಮೂರು ಮುಖ್ಯವಾದವು, ಅಂದರೆ ಕೆಂಪು ತಲೆ ಕಂಬಳಿ ಹುಳು, ಎಲೆ ಸುರಂಗದ ಹುಳು ಮತ್ತು ತಂಬಾಕಿನ ಎಲೆ ತಿನ್ನುವ ಹುಳು, ಪತಂಗದ ಮರಿಗಳೇ.

ಓದಿಗಾಗಿ ನಗರಕ್ಕೆ ಬಂದು ಈ ಬಡಾವಣೆಗಳಲ್ಲಿ ಉಳಿದಿರುವ ರೈತರ ಮಕ್ಕಳು ಅನೇಕರಿದ್ದಾರೆ. ಅವರು ಇಲ್ಲಿ ಕಲಿತ ಗುರುತು ಊರಿನ ಹೊಲದಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಬಿಡುವಿನ ವೇಳೆಯ ಅಧ್ಯಯನ

ಪತಂಗಗಳ ಬಗೆಗಿನ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಬೇರೆ ವೃತ್ತಿಯಲ್ಲಿದ್ದವರಿಂದ ಬಂದಿದೆ. 1892ರಿಂದ 1896ರವರೆಗೆ ಭಾರತದ ಪತಂಗಗಳ ಮೇಲೆ ನಾಲ್ಕು ಸಂಪುಟಗಳನ್ನು ಬರೆದ ಜಾರ್ಜ್ ಹ್ಯಾಂಪ್ಸನ್ ಮೊದಲು ನೀಲಗಿರಿಯಲ್ಲಿ ಟೀ ತೋಟ ಮಾಡುತ್ತಿದ್ದವರು. ಕಾರವಾರದಲ್ಲಿ ನೆಲೆಸಿದ್ದ ಟಿ. ಆರ್. ಬೆಲ್ ಅರಣ್ಯಾಧಿಕಾರಿಯಾಗಿದ್ದರು. ಅವರು ಉತ್ತರ ಕನ್ನಡದ ಕಾಡುಗಳಿಂದ ಮರಿಹುಳುಗಳನ್ನು ತಂದು ಸಾಕಿ, ಯಾವ ಹುಳು ಯಾವ ಗಿಡವನ್ನು ತಿನ್ನುತ್ತದೆ, ಯಾವ ಪತಂಗವಾಗುತ್ತದೆ ಎಂದು ಬರೆದಿಟ್ಟರು. ಅವರು ಸ್ಕಾಟ್ ಅವರೊಂದಿಗೆ ಸೇರಿ ಬರೆದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ ಪ್ರಕಟವಾಯಿತು. ಈಚೆಗೆ, 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ಪತಂಗ ಸಪ್ತಾಹ ಪ್ರತಿ ವರ್ಷ ಜುಲೈ ಕೊನೆಯಲ್ಲಿ ನಡೆಯುತ್ತಿದ್ದು, ಭಾರತದ ಹವ್ಯಾಸಿಗಳೂ ಅದರಲ್ಲಿ ಭಾಗವಹಿಸುತ್ತಿದ್ದಾರೆ.

ಸಾಮಗ್ರಿ ಮತ್ತು ವಿಧಾನ

ಬೇಕಾಗುವುದು ಒಂದು ಬಿಳಿ ಪಂಚೆ, ಒಂದು ದೀಪ, ಅಳತೆಪಟ್ಟಿ, ನೋಟ್‌ಬುಕ್ ಮತ್ತು ಸೀಸದ ಕಡ್ಡಿ. ಫೋಟೋ ತೆಗೆಯಬಲ್ಲ ಮೊಬೈಲ್ ಫೋನ್ ಇದ್ದರೆ ಇನ್ನೂ ಒಳ್ಳೆಯದು.

ಮಹಡಿಯ ಮೇಲೆ ಅಥವಾ ಹಿತ್ತಲಿನಲ್ಲಿ ಎರಡು ಕಂಬಗಳ ನಡುವೆ ಪಂಚೆಯನ್ನು ಬಿಗಿಯಾಗಿ ಕಟ್ಟಿ, ಅದರ ಮುಂದೆ ಒಂದು ಅಡಿ ದೂರದಲ್ಲಿ ದೀಪವನ್ನು ತೂಗುಹಾಕಬೇಕು. ನೀಲಿ ಮತ್ತು ನೇರಳಾತೀತ ಕಿರಣಗಳು ಹೆಚ್ಚಾಗಿರುವ ಬೆಳಕಿಗೆ ಪತಂಗಗಳು ಹೆಚ್ಚು ಬರುತ್ತವೆ; ಹಳದಿ ಬೆಳಕಿಗೆ ಕಡಿಮೆ. ಮೋಡ ಕವಿದು ಸೆಕೆಯಿರುವ, ಗಾಳಿಯಿಲ್ಲದ, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಉತ್ತಮ. ಬೆಂಗಳೂರಿನಲ್ಲಿ ಮೇ ತಿಂಗಳ ಮಳೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಸಂಜೆ 7ರಿಂದ 10 ಗಂಟೆಯವರೆಗೆ ನೋಡಿದರೆ ಸಾಕು.

ಪತಂಗಗಳು ದೀಪಕ್ಕೆ ಬರುವುದೇಕೆ ಎಂಬ ಪ್ರಶ್ನೆಗೆ 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹೊಸ ಉತ್ತರ ಕೊಟ್ಟಿದೆ. ಹಾರುವ ಕೀಟಗಳು ಬೆಳಕು ಬರುವ ಕಡೆಗೆ ಬೆನ್ನು ತಿರುಗಿಸಿ ಹಾರುತ್ತವೆ. ಆಕಾಶವೇ ಬೆಳಕಿನ ಮೂಲವಾಗಿದ್ದಾಗ ಇದರಿಂದ ಮೇಲು ಕೆಳಗು ತಪ್ಪುವುದಿಲ್ಲ. ದೀಪ ಪಕ್ಕದಲ್ಲಿದ್ದರೆ ಮಾತ್ರ ಅವು ಅದಕ್ಕೇ ಬೆನ್ನು ಕೊಡಲು ಹೋಗಿ, ದಿಕ್ಕು ತಪ್ಪಿ, ಅದರ ಸುತ್ತಲೇ ಸಿಕ್ಕಿಬೀಳುತ್ತವೆ.

ಪಂಚೆಯ ಮೇಲೆ ಕುಳಿತ ಪತಂಗದಲ್ಲಿ ಈ ಐದು ಅಂಶಗಳನ್ನು ಗಮನಿಸಿ ಬರೆದಿಡಬೇಕು.

1. ರೆಕ್ಕೆಯ ಉದ್ದ, ಮಿಲಿಮೀಟರಿನಲ್ಲಿ.
2. ಕುಳಿತ ಭಂಗಿ: ರೆಕ್ಕೆಗಳು ಮನೆಯ ಮಾಡಿನಂತೆ ಇಳಿಜಾರಾಗಿವೆಯೋ, ಚಪ್ಪಟೆಯಾಗಿ ಹರಡಿವೆಯೋ.
3. ಮೀಸೆ: ದಾರದಂತಿದೆಯೋ, ಬಾಚಣಿಗೆಯಂತಿದೆಯೋ. ಚಿಟ್ಟೆಯ ಮೀಸೆಯ ತುದಿ ಗುಂಡಗೆ ದಪ್ಪವಾಗಿರುತ್ತದೆ; ಪತಂಗದಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ.
4. ಮುಂದಿನ ರೆಕ್ಕೆಯ ಗುರುತುಗಳು ಮತ್ತು ಹಿಂದಿನ ರೆಕ್ಕೆಯ ಬಣ್ಣ.
5. ತಲೆಯ ಮುಂಭಾಗ: ಮೂತಿ ಚಾಚಿಕೊಂಡಿದೆಯೋ ಇಲ್ಲವೋ.

ಇವುಗಳ ಜೊತೆಗೆ ದಿನಾಂಕ, ಸ್ಥಳ, ಮಳೆಯ ವಿವರವನ್ನು ಬರೆಯದಿದ್ದರೆ ಎಷ್ಟೇ ಅಂದವಾದ ಫೋಟೋ ಆದರೂ ಅದರ ಬೆಲೆ ಅರ್ಧ ಮಾತ್ರ.

ಮುಖ್ಯ ಕುಟುಂಬಗಳು

ಗಿಡುಗ ಪತಂಗಗಳು (ಸ್ಫಿಂಜಿಡೆ): ಕದಿರಿನಂತೆ ಎರಡೂ ಕಡೆ ಚೂಪಾದ ಗಟ್ಟಿ ಮೈ, ಉದ್ದವಾದ ಕಿರಿದಾದ ರೆಕ್ಕೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತು ಉದ್ದನೆಯ ನಾಲಗೆಯಿಂದ ಮಕರಂದ ಹೀರುತ್ತವೆ. ಮರಿಹುಳುವಿನ ಬಾಲದ ಬಳಿ ಒಂದು ಕೊಂಬು ಇರುತ್ತದೆ. ನಂದಿಬಟ್ಟಲು ಮತ್ತು ಕಣಗಿಲೆಯ ಮೇಲೆ ಕಾಣುವ, ಎದೆಯ ಮೇಲೆ ಎರಡು ನೀಲಿ ಕಣ್ಣಿನ ಗುರುತಿರುವ ದೊಡ್ಡ ಹಸಿರು ಹುಳು ಈ ಕುಟುಂಬದ್ದು. ಬೆಳೆಗಳಿಗೆ ಅದರಿಂದ ತೊಂದರೆಯಿಲ್ಲ. ಬೆನ್ನಿನ ಮೇಲೆ ತಲೆಬುರುಡೆಯಂಥ ಗುರುತಿರುವ ಎಳ್ಳಿನ ಪತಂಗವೂ ಇದೇ ಕುಟುಂಬದ್ದು. ಅದರ ಮರಿ ಎಳ್ಳಿನ ಎಲೆ ತಿನ್ನುತ್ತದೆ, ಪತಂಗ ಜೇನುಗೂಡಿಗೆ ನುಗ್ಗಿ ತುಪ್ಪ ಹೀರುತ್ತದೆ.

ರೇಷ್ಮೆ ಪತಂಗಗಳು (ಬಾಂಬಿಸಿಡೆ ಮತ್ತು ಸ್ಯಾಟರ್ನಿಡೆ): ಹಿಪ್ಪುನೇರಳೆ ರೇಷ್ಮೆಹುಳು ಬಾಂಬಿಸಿಡೆಗೆ ಸೇರಿದ್ದು; ಸಾಕಿ ಸಾಕಿ ಅದರ ಪತಂಗ ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಟಸಾರ್ ಮತ್ತು ಹರಳು ಗಿಡದ ಮೇಲೆ ಸಾಕುವ ಎರಿ ಸ್ಯಾಟರ್ನಿಡೆಗೆ ಸೇರಿವೆ. ಇವು ಅಂಗೈಯಗಲದ ರೆಕ್ಕೆ ಮತ್ತು ಬಾಚಣಿಗೆಯಂಥ ಮೀಸೆಯುಳ್ಳ ದೊಡ್ಡ ಪತಂಗಗಳು. ಎರಡೂ ಕುಟುಂಬಗಳ ಈ ರೇಷ್ಮೆ ಪತಂಗಗಳು ಆಹಾರ ತೆಗೆದುಕೊಳ್ಳುವುದಿಲ್ಲ. ಮರಿಯಾಗಿದ್ದಾಗ ತಿಂದದ್ದರಲ್ಲೇ ಬದುಕಿ, ಮೊಟ್ಟೆಯಿಟ್ಟು ಸಾಯುತ್ತವೆ.

ನಾಕ್ಟುಯಿಡೆ: ರೈತನು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಕುಟುಂಬ. ಮಧ್ಯಮ ಗಾತ್ರ, ದಪ್ಪ ಮೈ, ಮಂಕಾದ ಕಂದು ಬಣ್ಣ, ಮಾಡಿನಂತೆ ಮಡಿಸಿದ ರೆಕ್ಕೆ. ಮುಂದಿನ ರೆಕ್ಕೆಯ ಮೇಲೆ ಒಂದು ದುಂಡು ಗುರುತು, ಒಂದು ಮೂತ್ರಪಿಂಡದಾಕಾರದ ಗುರುತು ಅನೇಕವುಗಳಲ್ಲಿ ಇರುತ್ತವೆ. ಕಡಲೆ, ತೊಗರಿ, ಟೊಮ್ಯಾಟೊಗಳ ಕಾಯಿ ಕೊರಕ, ಅವರೆಯ ಕಾಯಿ ಕೊರಕ, ರಾಗಿಯ ಗುಲಾಬಿ ಕಾಂಡ ಕೊರಕ ಇವೆಲ್ಲ ಈ ಕುಟುಂಬದವು. ಕಾಯಿ ಕೊರಕದ ಹಿಂದಿನ ರೆಕ್ಕೆ ಮಾಸಲು, ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ. ಇದು ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ತಂಬಾಕಿನ ಎಲೆ ತಿನ್ನುವ ಹುಳುವಿನ ಪತಂಗಕ್ಕೆ ಮುಂದಿನ ರೆಕ್ಕೆಯಲ್ಲಿ ಅಡ್ಡಾದಿಡ್ಡಿ ಬಿಳಿ ಗೆರೆಗಳು, ಹಿಂದಿನ ರೆಕ್ಕೆ ಬಿಳಿ. ಇದು ಮೊಟ್ಟೆಗಳನ್ನು ಗುಂಪಾಗಿಟ್ಟು ಕಂದು ರೋಮಗಳಿಂದ ಮುಚ್ಚುತ್ತದೆ. ಆದ್ದರಿಂದ ಎರಡನೆಯದರ ಮೊಟ್ಟೆಯ ಗುಂಪುಗಳನ್ನು ಕೈಯಿಂದಲೇ ಆರಿಸಿ ನಾಶಪಡಿಸಬಹುದು. ಮೊದಲನೆಯದನ್ನು ಹಾಗೆ ಮಾಡುವುದು ಕಷ್ಟ.

ಎರೆಬಿಡೆ: ಹಳೆಯ ಪುಸ್ತಕಗಳಲ್ಲಿ ಬೇರೆ ಬೇರೆ ಕುಟುಂಬಗಳೆಂದು ಬರೆದಿದ್ದ ಕಂಬಳಿ ಹುಳುಗಳು ಹಾಗೂ ಕೊಂಡಿ ಹುಳುಗಳು ಈಗ ಈ ದೊಡ್ಡ ಕುಟುಂಬದಲ್ಲಿವೆ. ಕೆಂಪು ತಲೆ ಕಂಬಳಿ ಹುಳುವಿನ ಪತಂಗಕ್ಕೆ ಮುಂದಿನ ರೆಕ್ಕೆಯ ಅಂಚಿನುದ್ದಕ್ಕೂ ಹಳದಿ ಪಟ್ಟಿ, ಬಿಳಿಯ ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆಗಳು. ಹರಳಿನ ಕೊಂಡಿ ಹುಳುವಿನ ಪತಂಗದ ಹಿಂದಿನ ರೆಕ್ಕೆ ಕಪ್ಪು, ನಡುವೆ ಬಿಳಿ ಪಟ್ಟೆ. ಹಣ್ಣು ಚುಚ್ಚುವ ಪತಂಗವೂ ಇಲ್ಲಿಯದೇ: ಹಿಂದಿನ ರೆಕ್ಕೆ ಕಿತ್ತಳೆ ಬಣ್ಣ, ಅದರಲ್ಲಿ ಕಪ್ಪು ಗುರುತು. ಇದರ ಮರಿ ಅಮೃತಬಳ್ಳಿಯಂಥ ಬಳ್ಳಿಗಳನ್ನು ತಿಂದು ಬೆಳೆಯುತ್ತದೆ. ಮೋಸಂಬಿ, ದಾಳಿಂಬೆ ಹಣ್ಣುಗಳನ್ನು ಚುಚ್ಚುವುದು ಬೆಳೆದ ಪತಂಗ. ಆದುದರಿಂದ ತೋಟದೊಳಗೆ ಮರಿಹುಳುವನ್ನು ಹುಡುಕಿ ಫಲವಿಲ್ಲ. ಹಣ್ಣಿಗೆ ಚೀಲ ಕಟ್ಟುವುದು, ಬೇಲಿಯ ಬಳ್ಳಿಗಳನ್ನು ತೆಗೆಯುವುದು ಸರಿಯಾದ ಉಪಾಯ.

ಜಿಯೋಮೆಟ್ರಿಡೆ: ತೆಳು ಮೈ, ನಾಲ್ಕೂ ರೆಕ್ಕೆಗಳನ್ನು ಗೋಡೆಗೆ ಅಂಟಿಸಿದಂತೆ ಹರಡಿ ಕುಳಿತಿರುತ್ತವೆ. ಹೆಚ್ಚಿನ ಪತಂಗಗಳ ಮರಿಗಳಿಗೆ ಐದು ಜೊತೆ ಹುಸಿಗಾಲುಗಳಿದ್ದರೆ ಇವುಗಳಿಗೆ ಸಾಮಾನ್ಯವಾಗಿ ಎರಡೇ ಜೊತೆ. ಆದುದರಿಂದ ಗೇಣು ಹಾಕಿದಂತೆ ಮೈ ಬಾಗಿಸಿ ನಡೆಯುತ್ತವೆ.

ಕ್ರಾಂಬಿಡೆ ಮತ್ತು ಪೈರಾಲಿಡೆ: ಸಣ್ಣ ಪತಂಗಗಳು, ಅನೇಕವುಗಳ ಮೂತಿ ಮುಂದಕ್ಕೆ ಚಾಚಿರುತ್ತದೆ. ಭತ್ತದ ಹಳದಿ ಕಾಂಡ ಕೊರಕದ ಹೆಣ್ಣಿಗೆ ಹಳದಿ ರೆಕ್ಕೆಯ ನಡುವೆ ಒಂದೇ ಕಪ್ಪು ಚುಕ್ಕೆ. ಬದನೆಯ ಕಾಯಿ ಕೊರಕದ ಪತಂಗ ಬಿಳಿ, ಅದರ ಮೇಲೆ ಕಂದು ಗುರುತುಗಳು. ಇವೆರಡೂ ಕ್ರಾಂಬಿಡೆ. ಅಡಿಗೆಮನೆಯ ಅಕ್ಕಿ, ಹಿಟ್ಟಿನ ಡಬ್ಬಿಯಲ್ಲಿ ಬಲೆ ಕಟ್ಟುವ ಬೂದು ಬಣ್ಣದ ಅಕ್ಕಿ ಪತಂಗ ಪೈರಾಲಿಡೆಗೆ ಸೇರಿದ್ದು. ಇದರ ಮೊಟ್ಟೆಗಳ ಮೇಲೆಯೇ ಟ್ರೈಕೋಗ್ರಾಮ ಎಂಬ ಸೂಕ್ಷ್ಮ ಪರತಂತ್ರ ಕಣಜಗಳನ್ನು ಬೆಳೆಸಿ, ಕಾರ್ಡುಗಳ ರೂಪದಲ್ಲಿ ಹೊಲಗಳಿಗೆ ಕೊಡಲಾಗುತ್ತದೆ. ಅಡಿಗೆಮನೆಯ ಶತ್ರು ಪ್ರಯೋಗಾಲಯದಲ್ಲಿ ರೈತನ ಸೇವಕನಾಗಿದೆ.

ಅತಿ ಸಣ್ಣ ಪತಂಗಗಳು: ರೆಕ್ಕೆಗಳನ್ನು ಸುರುಳಿ ಸುತ್ತಿ ಇಂಗ್ಲಿಷಿನ 'ಟಿ' ಅಕ್ಷರದಂತೆ ಕುಳಿತಿರುವುದು ಗರಿ ಪತಂಗ (ಟೆರೋಫೋರಿಡೆ); ತೊಗರಿ ಕಾಯಿ ಕೊರೆಯುವ ಒಂದು ಹುಳು ಈ ಕುಟುಂಬದ್ದು. ನೆಲಗಡಲೆಯ ಎಲೆ ಸುರಂಗದ ಹುಳು ಮತ್ತು 2014ರಲ್ಲಿ ಭಾರತದಲ್ಲಿ ಮೊದಲು ಕಂಡುಬಂದ ಟೊಮ್ಯಾಟೊ ಊಜಿ ಹುಳು, ಅಂದರೆ ಟೂಟಾ, ಜೆಲಿಚಿಡೆ ಕುಟುಂಬದವು. ಹಳೆಯ ಮನೆಗಳ ಗೋಡೆಯ ಮೇಲೆ ಸೌತೆಬೀಜದಂಥ ಬೂದು ಚೀಲವನ್ನು ಎಳೆದುಕೊಂಡು ಹೋಗುವ ಹುಳು ಟಿನಿಡೆ ಕುಟುಂಬದ ಪತಂಗದ ಮರಿ. ಜೇಡರ ಬಲೆ, ಕೂದಲು, ಉಣ್ಣೆ ಅದರ ಆಹಾರ.

ಕಾಯಿಯಲ್ಲಿ ಸಿಕ್ಕಿದ ಹುಳುವಿನಿಂದ ಪಾಠ

ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರಂ ಮಾರುಕಟ್ಟೆಯಲ್ಲೋ ಕೊಂಡ ಅವರೆಕಾಯಿ, ಬದನೆಕಾಯಿಗಳಲ್ಲಿ ಹುಳು ಸಿಕ್ಕಿದರೆ ಅದನ್ನು ಎಸೆಯದೆ ಸಾಕಿ ನೋಡಬೇಕು. ಅಗಲ ಬಾಯಿಯ ಬಾಟಲಿಯಲ್ಲಿ ಎರಡು ಅಂಗುಲ ತೇವದ ಮಣ್ಣು ಹಾಕಿ, ಹುಳು ಇದ್ದ ಕಾಯಿಯನ್ನೇ ಆಹಾರವಾಗಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಕೊಳೆತ ಕಾಯಿಯನ್ನು ಆಗಾಗ ಬದಲಿಸಬೇಕು. ಅವರೆಯ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ; ಬದನೆಯ ಹುಳು ಮೇಲೆಯೇ ಗೂಡು ಕಟ್ಟುವುದರಿಂದ ಮಡಿಸಿದ ಕಾಗದವನ್ನು ಇಡಬೇಕು. ಕೆಲವು ಪತಂಗಗಳು ಹತ್ತು ಹದಿನೈದು ದಿನಗಳಲ್ಲಿ ಹೊರಬಂದರೆ, ಕೆಲವು ತಿಂಗಳುಗಟ್ಟಲೆ ಕೋಶದಲ್ಲೇ ಉಳಿಯುತ್ತವೆ.

ಕೆಲವೊಮ್ಮೆ ಪತಂಗದ ಬದಲು ಸಣ್ಣ ಕಣಜವೋ ನೊಣವೋ ಹೊರಬರುತ್ತದೆ. ಇದು ಹುಳುವಿನ ಮೈಯಲ್ಲಿ ಬೆಳೆದ ಪರತಂತ್ರ ಜೀವಿ, ರೈತನ ಮಿತ್ರ. ಹೊಲದಿಂದ ತಂದ ಇಪ್ಪತ್ತು ಹುಳುಗಳನ್ನು ಹೀಗೆ ಸಾಕಿ, ಎಷ್ಟರಿಂದ ಪತಂಗ, ಎಷ್ಟರಿಂದ ಕಣಜ ಬಂತೆಂದು ಎಣಿಸಿದರೆ ಸಿಂಪರಣೆ ಮಾಡುವ ಮೊದಲು ಯೋಚಿಸಲು ಕಾರಣ ಸಿಗುತ್ತದೆ. ಕಣಜಗಳನ್ನು ಹೊರಗೆ ಬಿಡಬೇಕು. ಬೆಳೆ ಪೀಡೆಯ ಪತಂಗಗಳನ್ನು ಬಿಡಬಾರದು.

2018ರ ಅನುಭವ

ಗುರುತಿಸುವ ಕಣ್ಣಿನ ಬೆಲೆ ಎಷ್ಟೆಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಸುಳಿಯನ್ನು ತಿನ್ನುತ್ತಿದ್ದ ಒಂದು ಹುಳುವನ್ನು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಗಮನಿಸಿದರು. ಮೇಲ್ನೋಟಕ್ಕೆ ಅದು ನಾಕ್ಟುಯಿಡೆ ಕುಟುಂಬದ ಪರಿಚಿತ ಹುಳುಗಳಂತೆಯೇ ಇತ್ತು. ಆದರೆ ತಲೆಯ ಮೇಲೆ ತಿರುಗುಮುರುಗಾದ ಇಂಗ್ಲಿಷಿನ 'ವೈ' ಅಕ್ಷರದ ಗುರುತು, ಬಾಲದ ಬಳಿಯ ಒಂದು ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳು ಇದ್ದವು. ಪರೀಕ್ಷಿಸಿದಾಗ ಅದು ಅಮೆರಿಕ ಖಂಡದ ಮೂಲದ, 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟಿದ್ದ ಫಾಲ್ ಸೈನಿಕ ಹುಳು, ರೈತರು ಈಗ ಲದ್ದಿ ಹುಳು ಎನ್ನುವ ಕೀಟ, ಎಂದು ಖಚಿತವಾಯಿತು. ಏಷ್ಯದಲ್ಲಿ ಅದರ ಮೊದಲ ವರದಿ ಅದೇ. ಅಲ್ಪ ಕಾಲದಲ್ಲೇ ಅದು ದೇಶದ ಇತರ ರಾಜ್ಯಗಳಿಗೂ ಹಬ್ಬಿತು.

ಹೊಸ ಪೀಡೆಯೊಂದು ಬಂದ ದಿನಕ್ಕೂ ಅದನ್ನು ಗುರುತಿಸಿದ ದಿನಕ್ಕೂ ನಡುವಿನ ಅಂತರದಲ್ಲಿ ರೈತನಿಗೆ ಆಗುವ ನಷ್ಟ ದೊಡ್ಡದು. ಆ ಅವಧಿಯಲ್ಲಿ ಅವನು ಹಳೆಯ ಹುಳುವೆಂದೇ ತಿಳಿದು ಹಳೆಯ ಔಷಧಿಯನ್ನೇ ಸಿಂಪಡಿಸುತ್ತಿರುತ್ತಾನೆ. 'ಇದು ನಮ್ಮ ಪರಿಚಿತ ಹುಳು ಅಲ್ಲ' ಎಂದು ಹೇಳಬಲ್ಲ ಒಬ್ಬರು ಪ್ರತಿ ಹಳ್ಳಿಯಲ್ಲಿದ್ದರೆ ಈ ಅಂತರ ಕಡಿಮೆಯಾಗುತ್ತದೆ. ಪರಿಚಿತವಾದದ್ದನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಅಪರಿಚಿತವಾದದ್ದು ಕಣ್ಣಿಗೆ ಬೀಳುತ್ತದೆ.

ಹೊಲದಲ್ಲಿ ಬಳಕೆ

ಕೆಂಪು ತಲೆ ಕಂಬಳಿ ಹುಳುವಿನ ಕೋಶಗಳು ತಿಂಗಳುಗಟ್ಟಲೆ ಮಣ್ಣಿನಲ್ಲಿದ್ದು, ಮೊದಲ ಒಳ್ಳೆಯ ಮಳೆಯ ನಂತರ ಪತಂಗಗಳಾಗಿ ಒಮ್ಮೆಲೇ ಹೊರಬರುತ್ತವೆ. ಒಂದೊಂದು ಹೆಣ್ಣೂ ನೂರಾರು ಮೊಟ್ಟೆಗಳನ್ನು ಗುಂಪಾಗಿಡುತ್ತದೆ. ಹಳದಿ ಅಂಚಿನ ಆ ಪತಂಗವನ್ನು ದೀಪದ ಬಳಿ ಕಂಡ ದಿನವೇ ಊರಿನವರೆಲ್ಲ ಸೇರಿ ಬೆಳಕಿನ ಬಲೆ ಹಾಕಬೇಕು. ಮರುದಿನದಿಂದ ಮೊಟ್ಟೆಯ ಗುಂಪುಗಳನ್ನೂ, ಇನ್ನೂ ಚದುರದ ಎಳೆಯ ಮರಿಗಳನ್ನೂ ಎಲೆಸಮೇತ ಆರಿಸಿ ನಾಶಪಡಿಸಬೇಕು. ಒಬ್ಬನೇ ಮಾಡಿದರೆ ಪ್ರಯೋಜನ ಕಡಿಮೆ. ಹುಳು ಬಲಿತು ಮೈತುಂಬ ರೋಮ ಬಂದ ಮೇಲೆ ಹತೋಟಿ ಕಷ್ಟ, ಖರ್ಚೂ ಹೆಚ್ಚು.

ಆದರೆ ಬೆಳಕಿನ ಬಲೆಯನ್ನು ಇಡೀ ರಾತ್ರಿ, ಇಡೀ ಹಂಗಾಮು ಉರಿಸುವುದು ತಪ್ಪು. ಅದರಲ್ಲಿ ಪರತಂತ್ರ ಕಣಜಗಳು ಮತ್ತು ಪರಭಕ್ಷಕ ಕೀಟಗಳೂ ಸಾಯುತ್ತವೆ. ಸಂಜೆ 7ರಿಂದ 10 ಗಂಟೆಯವರೆಗೆ ಉರಿಸಿ, ಬಿದ್ದವುಗಳನ್ನು ಕುಟುಂಬವಾರು ಬೇರ್ಪಡಿಸಿ ಎಣಿಸಬೇಕು. ಪೀಡೆಯ ಪತಂಗಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೊಲಕ್ಕೆ ಹೋಗಿ ಮೊಟ್ಟೆ ಮತ್ತು ಮರಿಗಳನ್ನು ಹುಡುಕಬೇಕು. ಆಯಾ ಬೆಳೆಗೆ ಶಿಫಾರಸು ಮಾಡಿದ ಹಾನಿಯ ಮಟ್ಟವನ್ನು ಮುಟ್ಟಿದರೆ ಮಾತ್ರ ಸಿಂಪರಣೆ ಮಾಡಬೇಕು.

ಗಮನಿಸಬೇಕಾದ ಅಂಶಗಳು

1. ಕಂಬಳಿ ಹುಳುಗಳನ್ನು ಬರಿಗೈಯಿಂದ ಮುಟ್ಟಬಾರದು. ರೋಮಗಳಿಂದ ತುರಿಕೆ, ಉರಿ ಬರುತ್ತದೆ.
2. ನೇರಳಾತೀತ ದೀಪವನ್ನು ದಿಟ್ಟಿಸಿ ನೋಡಬಾರದು. ಮಳೆಯಲ್ಲಿ ವಿದ್ಯುತ್ ತಂತಿಯ ಬಗ್ಗೆ ಎಚ್ಚರ ಅಗತ್ಯ.
3. ಲಾಲ್‌ಬಾಗ್ ಮತ್ತು ಇತರ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಕೀಟ ಹಿಡಿಯಬಾರದು. ಫೋಟೋ ಸಾಕು.
4. ನೋಡುವುದು ಮುಗಿದೊಡನೆ ದೀಪ ಆರಿಸಬೇಕು. ಬೆಳಗಿನವರೆಗೆ ಪಂಚೆಯ ಮೇಲುಳಿದ ಪತಂಗಗಳು ಹಕ್ಕಿಗಳ ಪಾಲಾಗುತ್ತವೆ.
5. ಗುರುತು ಸಿಗದ ಹುಳುವನ್ನು ಬಾಟಲಿಯಲ್ಲಿಟ್ಟು, ತಿನ್ನುತ್ತಿದ್ದ ಗಿಡದ ಹೆಸರು ಮತ್ತು ದಿನಾಂಕ ಬರೆದು, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಬೇಕು. ಬೆಂಗಳೂರಿನಲ್ಲಿರುವವರಿಗೆ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮತ್ತು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೀಟಶಾಸ್ತ್ರ ವಿಭಾಗಗಳು ದೂರವಿಲ್ಲ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಶಾಲೆಗಳಲ್ಲಿ ಮುಂಗಾರಿನ ಒಂದು ಸಂಜೆ ಬಿಳಿ ಪಂಚೆ ಕಟ್ಟಿ ಮಕ್ಕಳಿಗೆ ಈ ಕುಟುಂಬಗಳನ್ನು ತೋರಿಸಬಹುದು. ಮೊದಲ ವರ್ಷ ನಾಕ್ಟುಯಿಡೆ, ಎರೆಬಿಡೆ ಮತ್ತು ಕ್ರಾಂಬಿಡೆ ಈ ಮೂರನ್ನು ಕಲಿತರೂ ಸಾಕು. ಊರಿನ ಬೆಳೆಗಳ ಮುಖ್ಯ ಶತ್ರುಗಳಲ್ಲಿ ಬಹುಪಾಲು ಇವುಗಳಲ್ಲೇ ಇವೆ. ಪ್ರತಿ ವರ್ಷ ಯಾವ ಪತಂಗ ಯಾವ ದಿನ, ಯಾವ ಮಳೆಯ ನಂತರ ಮೊದಲು ಬಂತೆಂದು ಬರೆದಿಟ್ಟರೆ, ನಾಲ್ಕೈದು ವರ್ಷಗಳಲ್ಲಿ ಆ ನೋಟ್‌ಬುಕ್ಕೇ ಊರಿನ ಕೀಟ ಪಂಚಾಂಗವಾಗುತ್ತದೆ.